ವೈಶಾಖದ ಮಂಕಿ ಕ್ಯಾಪ್

ಗಂಡಸರ ಧೈರ್ಯದ ಮೇಲಿದ್ದ ನನ್ನ ನಂಬಿಕೆ ಹೊರಟುಹೋದದ್ದು ಕೋಲ್ಕತ್ತದಲ್ಲಿ, ಬಾಣಂತಿ ಕೋಣೆಯ ಕಿಟಕಿಯಲ್ಲಿ ಕೂತಿದ್ದಾಗ. ಖಿದಿರ್‌ಪುರದ ಹತ್ತಿರ ಕೇಂದ್ರ ಸರ್ಕಾರದ ನೌಕರರ ಕಾಲೊನಿ ನಮ್ಮದು. ಅಲ್ಲಿನ ಗಂಡಸರೆಲ್ಲ ಆಫೀಸಿನಲ್ಲಿ ಹುಲಿ. ಕಾಲೊನಿಯ ಕೇರ್‌ಟೇಕರ್ ಎದುರು ಬೆಕ್ಕೂ ಅಲ್ಲ.

ಕೇರ್‌ಟೇಕರ್ ಎಂದರೆ ನಮ್ಮ ನೀರು, ದೀಪ, ರಿಪೇರಿ ನೋಡಿಕೊಳ್ಳಬೇಕಾದ ಅಧಿಕಾರಿ. ಆ ಬೇಸಿಗೆಯಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಸಂಜೆಗೊಮ್ಮೆ ಬಂದು ಊರನ್ನು ತಂಪು ಮಾಡಿ ಹೋಗುವ ಕಾಲ್‌ಬೈಶಾಖಿ ಗಾಳಿಮಳೆ ಇತ್ತ ಸುಳಿಯಲೇ ಇಲ್ಲ. ಬೋರ್‌ವೆಲ್ಲಿನಲ್ಲಿ ಇದ್ದಷ್ಟು ನೀರನ್ನೂ ಈ ಮಹಾಶಯ ಪೈಪು ಎಳೆದು ಕಾಂಪೌಂಡಿನ ಆಚೆಗೆ ಹರಿಸುತ್ತಿದ್ದ. ಅಲ್ಲಿ ಕಂಪ್ಯೂಟರ್ ಕಂಪನಿಗಳ ಕೆಲಸಕ್ಕೆ ಬರುವವರಿಗಾಗಿ ಎತ್ತರದ ಅಪಾರ್ಟ್‌ಮೆಂಟು ಏಳುತ್ತಿತ್ತು, ಹೊಸ ಕಾಂಕ್ರೀಟಿಗೆ ದಿನವೂ ನೀರುಣಿಸಬೇಕಿತ್ತು. ಅದರಲ್ಲೊಂದು ಫ್ಲ್ಯಾಟು ಅವನ ಹೆಂಡತಿಯ ಹೆಸರಿಗೆ ಆಗಲಿದೆ ಎಂಬುದು ಕಾಲೊನಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬೆಳಗಾದರೆ ಅವನಿಗೆ ಕೈ ಮುಗಿಯುತ್ತಿದ್ದರು. ನನ್ನ ಗಂಡ ಉಳಿದವರಿಗಿಂತ ಒಂದು ಗೇಣು ಹೆಚ್ಚೇ ಬಾಗುತ್ತಿದ್ದರು.

ನನ್ನ ಬಾಣಂತನಕ್ಕೆ ಧಾರವಾಡದಿಂದ ಅವ್ವ ಬಂದಿದ್ದಳು. ನಮ್ಮ ಕಡೆ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ, ಸುಡುಸುಡು ನೀರು ಹಂಡೆಗಟ್ಟಲೆ ಎರೆಯಬೇಕು. ಎರೆದ ಮೇಲೆ ಕಿವಿಗೆ ಗಾಳಿ ಹೋಗದಂತೆ ತಲೆ ಕಟ್ಟಬೇಕು. ಕೋಲ್ಕತ್ತಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಇಲ್ಲಿನವರನ್ನು ನೋಡಿ ನನ್ನ ಗಂಡ ಒಂದು ಕಂದು ಬಣ್ಣದ ಮಂಕಿ ಕ್ಯಾಪ್ ಕೊಂಡಿದ್ದರು. ಕಣ್ಣು ಮೂಗು ಬಿಟ್ಟರೆ ಮಿಕ್ಕದ್ದೆಲ್ಲ ಮುಚ್ಚುವ ಉಣ್ಣೆಯ ಟೋಪಿ. ಅವ್ವನಿಗೆ ಅದು ಬಹಳ ಹಿಡಿಸಿತು. ಆ ಕೆಂಡದಂಥ ವೈಶಾಖದಲ್ಲಿ ನನ್ನ ತಲೆಗೆ ಅದನ್ನು ತೊಡಿಸಿ ಮಲಗಿಸಿದಳು.

ಆದರೆ ಎರೆಯಲು ನೀರೆಲ್ಲಿ? ನಲ್ಲಿಯಲ್ಲಿ ಬರುತ್ತಿದ್ದುದು ಗಾಳಿ. ಕೂಸಿನ ಕುತ್ತಿಗೆ, ಕಂಕುಳೆಲ್ಲ ಬೆವರುಸಾಲೆ ಎದ್ದು ಕೆಂಪಾಗಿ, ಅದು ಅತ್ತೂ ಅತ್ತೂ ಹಾಲು ಬಿಟ್ಟಿತು. ನನಗೆ ಭಯವಾಯಿತು. ಅವ್ವ ಕಿಟಕಿಯಿಂದ ಆ ಕಟ್ಟಡ ನೋಡಿ ಹಲ್ಲು ಕಡಿದಳು.

"ಕೂಸಿಗೆ ಎರೀಲಿಕ್ಕೆ ನೀರಿಲ್ಲ, ಗ್ವಾಡಿಗೆ ನೀರ ಕುಡಸ್ಲಿಕ್ಕತ್ತಾನ ನೋಡು ಹಲ್ಕಟ್!"

ಮರುದಿನ ಮಧ್ಯಾಹ್ನ ಅವಳು ನನ್ನ ತಲೆಯಿಂದ ಟೋಪಿ ಕಿತ್ತು ತಾನು ಹಾಕಿಕೊಂಡಳು, ಅಳಿಯನ ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ತೊಟ್ಟಳು. ಊಟವಾದ ಮೇಲೆ ಈ ಊರು ಪೂರ್ತಿ ಮಲಗುತ್ತದೆ. ವಾಚ್‌ಮನ್‌ನಿಂದ ಹಿಡಿದು ಕೇರ್‌ಟೇಕರ್‌ವರೆಗೆ ಎಲ್ಲರದೂ ಗೊರಕೆ. ಅವ್ವ ಹೋಗಿ ಪಂಪ್‌ಹೌಸಿನ ಹಿಂದಿನ ಗುಂಡಿಯಲ್ಲಿದ್ದ ವಾಲ್ವುಗಳನ್ನು ತಿರುವಿ, ಆಚೆಯದನ್ನು ಮುಚ್ಚಿ ನಮ್ಮ ಬ್ಲಾಕಿನದನ್ನು ತೆರೆದು ಬಂದಳು. ಅವರು ಎದ್ದು ಕಣ್ಣುಜ್ಜುವಷ್ಟರಲ್ಲಿ ಎಲ್ಲರ ಮನೆಯ ಹಂಡೆ, ಬಕೀಟು ತುಂಬಿದ್ದವು. ಅಂದಿನಿಂದ ಇದು ದಿನದ ಕೆಲಸವಾಯಿತು.

ಒಂದು ದಿನ ವಾಚ್‌ಮನ್ ಅರೆನಿದ್ದೆಯಲ್ಲಿ ದೂರದಿಂದ ಅವಳನ್ನು ಕಂಡ. ಅಂಗಿ, ಟೋಪಿ, ಅವ್ವನ ಕಚ್ಚೆ ಸೀರೆ. ಅವನ ಕಣ್ಣಿಗೆ ಅದು ಧೋತಿ. ಹಾಗಾಗಿ ಮುಸುಕು ಹಾಕಿದ ಗಂಡಸೊಬ್ಬ ಸಾಹೇಬರ ಮೇಲೆ ತಿರುಗಿಬಿದ್ದಿದ್ದಾನೆ ಎಂದು ಸುದ್ದಿಯಾಯಿತು. ಅಡುಗೆಮನೆಗಳಲ್ಲಿ ಹೆಂಗಸರು ಆ ವೀರನನ್ನು ಹರಸಿದರು. ನಮ್ಮ ಗಂಡಸರು ಮಾಡಿದ್ದೇನು? ಕುಂಬಳಕಾಯಿ ಕದಿಯದವರೂ ಹೆಗಲು ಮುಟ್ಟಿ ನೋಡಿಕೊಂಡರು. ಪ್ರತಿಯೊಬ್ಬನ ಹತ್ತಿರವೂ ಒಂದು ಮಂಕಿ ಕ್ಯಾಪ್ ಇತ್ತಲ್ಲ, ಎಲ್ಲವೂ ಟ್ರಂಕಿನ ತಳ ಸೇರಿದವು. ಒಬ್ಬಾತ ತನ್ನದನ್ನು ಸುಟ್ಟೇಬಿಟ್ಟ. ಬಾಣಂತಿಯ ತಲೆಯ ಮೇಲೆ ಅದನ್ನು ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕೇರ್‌ಟೇಕರ್ ಎಲ್ಲರನ್ನೂ ಪಂಪ್‌ಹೌಸಿನ ಮುಂದೆ ನಿಲ್ಲಿಸಿದ. ಆ ಮುಸುಕಿನವನನ್ನು ಒಪ್ಪಿಸುವ ತನಕ ನಮ್ಮ ಬ್ಲಾಕಿಗೆ ಹನಿ ನೀರಿಲ್ಲ ಎಂದು ಹಿಂದಿಯಲ್ಲಿ ಗುಡುಗಿದ. ಇಪ್ಪತ್ತು ಮೂವತ್ತು ಮೀಸೆಗಳು ಅಲ್ಲಿದ್ದವು, ಒಂದೂ ಅಲುಗಲಿಲ್ಲ. ನನ್ನ ಗಂಡ ಚಪ್ಪಲಿ ನೋಡುತ್ತ ನಿಂತಿದ್ದರು. ಕಿಟಕಿಯಲ್ಲಿದ್ದ ನಾನು ಅವನು ಹೇಳಿದ್ದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಅಳುತ್ತಿದ್ದ ಕೂಸನ್ನು ನನ್ನ ಕೈಗಿಟ್ಟು, ಟೋಪಿ ಹಾಕಿಕೊಂಡು, ಖಾಲಿ ಕೊಡ ಹಿಡಿದು ಕೆಳಗಿಳಿದಳು.

"ಅಳಿಯಂದಿರ, ತಿರುವಿದಾಕಿ ನಾನ ಅಂತ ಅಂವಗ ಹೇಳ್ರಿ."

ನನ್ನ ಗಂಡ ಹಿಂದಿಯಲ್ಲಿ ಹೇಳಿದರು: "ಅತ್ತೆಗೆ ವಯಸ್ಸಾಗಿದೆ ಸರ್, ತಲೆ ಸರಿಯಿಲ್ಲ."

ಕೇರ್‌ಟೇಕರ್ ನಕ್ಕ. ಅವನು ನಕ್ಕನೆಂದು ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಗುವಿಗೆ ಅನುವಾದ ಬೇಕಿರಲಿಲ್ಲ. ಅವ್ವ ನೇರ ಗುಂಡಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಒಂದು ಚಕ್ರ ಬಿಗಿದು ಇನ್ನೊಂದನ್ನು ಬಿಚ್ಚಿದಳು. ನಮ್ಮ ಬಚ್ಚಲಲ್ಲಿ ನಲ್ಲಿ ಕೆಮ್ಮಿ ನೀರು ಸುರಿಯಿತು. ಗಂಡಸರ ನಗು ನಿಂತಿತು. ಮೆಟ್ಟಿಲ ಮೇಲಿದ್ದ ಹೆಂಗಸರು ಬಕೀಟು ಹಿಡಿದು ಓಡಿ ಬಂದು ಗುಂಡಿಯ ಸುತ್ತ ನಿಂತರು, ಸಂಜೆಯ ತನಕ ಕದಲಲಿಲ್ಲ. ಮುದುಕಿಯೆಂದು ಬಿಟ್ಟಿದ್ದೇನೆ ಎಂದು ಗೊಣಗಿ ಕೇರ್‌ಟೇಕರ್ ಜಾಗ ಖಾಲಿ ಮಾಡಿದ. ಮರುದಿನದಿಂದ ಹೆಂಗಸರು ಸರದಿ ಹಾಕಿಕೊಂಡು ಅಲ್ಲೇ ಕಾದರು. ಅವನಿಗೆ ಶಿಕ್ಷೆಯೇನೂ ಆಗಲಿಲ್ಲ, ಬಡ್ತಿಯಾಯಿತು. ಕೂಸಿನ ಮೈ ಮಾತ್ರ ವಾರದೊಳಗೆ ಹೂವಿನಂತಾಯಿತು.

ಉತ್ತರನ ಪೌರುಷ ಒಲೆಯ ಮುಂದೆ ಅನ್ನುತ್ತಾರೆ. ನಮ್ಮನೆಯ ಉತ್ತರನದು ನೆಂಟರ ಮುಂದೆ. "ಕೊನೆಗೆ ನಾವೇ ಧೈರ್ಯ ಮಾಡಿ ವಾಲ್ವ್ ತಿರುಗಿಸಿಬಿಟ್ವಿ" ಎಂದು ಎಷ್ಟೋ ಸಲ ಹೇಳಿದ್ದಾರೆ. ಅವ್ವ ತೀರಿಕೊಂಡ ವರ್ಷ ಯಾರೋ ಊಟಕ್ಕೆ ಬಂದಾಗ ಮತ್ತೆ ಶುರು ಮಾಡಿದರು. ನಾನು ಒಳಗೆ ಹೋಗಿ ಆ ಟೋಪಿ ತಂದು ಅವರ ತೊಡೆಯ ಮೇಲಿಟ್ಟೆ.

"ಹಾಕ್ಕೊಂಡು ಹೇಳ್ರಿ."

ಅವರು ತಲೆಯೆತ್ತಿ ಫ್ಯಾನು ನೋಡಿದರು. "ಈ ಸೆಕೇಲಿ ಇದನ್ನ ಯಾರು ಹಾಕ್ಕೋತಾರೆ ಕಣೇ?" ಎಂದರು.