ಕೈ ಕಟ್ಟಿ ಕೂಡಿಸುವುದು

ನನಗೆ ಬಹಳ ಜನರ ಧ್ವನಿ ಬರುತ್ತದೆ. ಲೋಕಲ್ ರೈಲಿನಲ್ಲಿ ಮುಂದಿನ ಸ್ಟೇಷನ್ ಹೇಳುವ ಹೆಂಗಸು, ನಮ್ಮ ಬಿಲ್ಡಿಂಗಿನ ಸೆಕ್ರೆಟರಿ, ನೆಗಡಿಯಾದಾಗಿನ ನಮ್ಮ ಭಾವ, ಯಾರನ್ನು ಬೇಕಾದರೂ ಕೇಳಿ, ನಿಂತಲ್ಲೇ ಒಪ್ಪಿಸುತ್ತೇನೆ. ಕೆಲಸದ ಸಂದರ್ಶನಗಳಲ್ಲಿ ನನ್ನದೇ ಧ್ವನಿ ಮಾತ್ರ ಕೈಕೊಡುತ್ತದೆ. ಹೀಗಾಗಿ ಅಕ್ಕನ ಮಗಳು ಗೌರಿಗೆ ಕೂಡಿಸುವುದನ್ನು ಕಲಿಸುವ ಕೆಲಸ ಬಂದಾಗ ನಾನು ಮೊದಲು ಸಿದ್ಧಮಾಡಿಕೊಂಡದ್ದು ಗಣಿತವನ್ನಲ್ಲ, ಅವಳ ಟೀಚರಿನ ಗಂಟಲನ್ನು.

ಚೆಂಬೂರಿನ ಅವಳ ಶಾಲೆಯವರು ಅಕ್ಕನನ್ನು ಕರೆಸಿದ್ದರು. ಲೆಕ್ಕ ಕೇಳಿದರೆ ಹುಡುಗಿ ಗಮನ ಕೊಡುವುದಿಲ್ಲ, ಸುಮ್ಮನೆ ಬೆರಳಾಡಿಸುತ್ತಾಳೆ. ಸೋಮವಾರ ಇನ್ನೊಮ್ಮೆ ಕೇಳುತ್ತೇವೆ, ಬಾರದಿದ್ದರೆ ಮುಂದಿನ ವರ್ಷವೂ ಇದೇ ಚಿಕ್ಕ ತರಗತಿ ಎಂದಿದ್ದರು. ಗೆಳತಿ ಪಿಂಕಿ ಒಂದನೆಯದಕ್ಕೆ ಹೋಗುವುದು ಖಚಿತವಾಗಿತ್ತು. ಗೌರಿ ಊಟ ಬಿಟ್ಟಳು.

"ಮಾಮಾ, ಪಿಂಕಿ ಊಪರ್ ಹೋಗ್ತಾಳೆ. ನಾನು ಛೋಟೇ ಬಚ್ಚೇ ಲೋಗ್ ಜೊತೆ ಕೂರಬೇಕಾ?"

ಸೆಕ್ರೆಟರಿಯ ಧ್ವನಿಯಲ್ಲಿ ಸಮಾಧಾನ ಹೇಳಿದೆ. ನಗಲಿಲ್ಲ. ಆಗ ನನಗೂ ಹೆದರಿಕೆಯಾಯಿತು.

ಕೂಡಿಸುವುದು ಎಷ್ಟು ವಿಚಿತ್ರವೆಂದು ಕಲಿಸಲು ಕೂತಾಗಲೇ ತಿಳಿಯುವುದು. ಮೂರು ಮಾವಿನಹಣ್ಣು, ಇನ್ನೆರಡು ಕೊಟ್ಟರೆ ಎಷ್ಟು ಎಂದು ಕೇಳಿದೆ. "ಯಾರು ಕೊಟ್ಟರು?" ಎಂದಳು. ಪುರಾಣಕಾಲದಿಂದ ಗಣಿತದ ಪುಸ್ತಕಗಳಲ್ಲಿ ಧಾರಾಳವಾಗಿ ಹಣ್ಣು ಹಂಚುತ್ತಿರುವ ಆ ಮಹಾನುಭಾವ ಯಾರೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಆದರೆ ಗುರುವಾದವನು ಗೊತ್ತಿಲ್ಲವೆನ್ನಬಾರದು. ಟೀಚರ್ ಧ್ವನಿ ತೆಗೆದು, "ಹ್ಯಾಂಡ್ಸ್ ಫೋಲ್ಡೆಡ್!" ಎಂದೆ. ಬೆರಳಾಡಿಸುವ ರೋಗಕ್ಕೆ ಅದೇ ಮದ್ದೆಂದು ನನ್ನ ನಿರ್ಧಾರ.

ಮದ್ದು ಕೆಲಸ ಮಾಡಿತು. ಬೆರಳು ನಿಂತವು. ಅದರ ಜೊತೆ ಉತ್ತರಗಳೂ ನಿಂತವು.

ಅಡುಗೆಮನೆಯಿಂದ ನಮ್ಮಜ್ಜಿ ಕೇಳಿದಳು, "ಏ ಮಾಸ್ತರ, ಕೂಸಿನ ಕೈ ಯಾಕ ಕಟ್ಟಿ ಕುಂಡ್ರಸೀಯೋ? ಕಳವು ಮಾಡ್ಯಾಳೇನ?"

"ಶಿಸ್ತು, ಅಜ್ಜಿ."

"ನಿನಗ ಶಿಸ್ತು ಕಲಸಾಕ ಹೋಗೇ ನನ್ನ ಕೂದ್ಲ ಬೆಳ್ಳಗಾದ್ವು."

ಇಷ್ಟು ಹೇಳಿ ಕುಕ್ಕರಿನ ಸೀಟಿ ಎಣಿಸಲು ತಿರುಗಿದಳು. ಜಪವಿರಲಿ, ಸೀಟಿಯಿರಲಿ, ಬಿಜಾಪುರದಿಂದ ಅಜ್ಜಿ ತಂದ ಲೆಕ್ಕದ ಯಂತ್ರ ಒಂದೇ: ಕಿರುಬೆರಳಿನ ಬುಡದಿಂದ ಹೆಬ್ಬೆರಳು ಗೆಣ್ಣುಗೆಣ್ಣಾಗಿ ಏರುತ್ತದೆ, ಬೆರಳಿಗೆ ಮೂರರಂತೆ. ಒಂದು ಕೈಗೆ ಒಂದು ಡಜನ್. ಈ ಊರಿನಲ್ಲಿ ಬಾಳೆಹಣ್ಣನ್ನು ಡಜನ್ ಲೆಕ್ಕದಲ್ಲಿ ಮಾರುವುದು ಅಜ್ಜಿಯ ಅನುಕೂಲಕ್ಕೇ ಇರಬೇಕು. ಅರೆಮುಚ್ಚಿದ ಕಣ್ಣು, ಅಲುಗುವ ತುಟಿ ಸಮೇತ ಅದನ್ನು ನಕಲು ಮಾಡಿ ಮದುವೆಮನೆಗಳಲ್ಲಿ ನಗಿಸಿದವನು ನಾನು. ಇದನ್ನೇ ಇನ್ನೊಬ್ಬಳು ಮೂಲೆಯಲ್ಲಿ ಕೂತು ಕಲಿಯುತ್ತಿದ್ದಾಳೆಂದು ಮಾತ್ರ ಹೊಳೆಯಲಿಲ್ಲ.

ಸೋಮವಾರ ಅಕ್ಕನಿಗೆ ವಿಕ್ರೋಳಿಯ ಆಫೀಸಿನಲ್ಲಿ ರಜೆ ಸಿಗಲಿಲ್ಲ; ನಾನೇ ಹೋದೆ. ಟೀಚರ್ ಬಾಯಿ ತೆರೆದರು, ನನ್ನ ನಕಲಿಗೆ ಎಷ್ಟು ಸರಿಯಾಗಿ ಹೊಂದುತ್ತಿದ್ದರೆಂದರೆ ಬೇರೆ ದಿನವಾಗಿದ್ದರೆ ಬೆನ್ನು ತಟ್ಟುತ್ತಿದ್ದೆ. "ಮಾಮಾಜಿ, ಆಪ್ ಕುಛ್ ನಹೀಂ ಬೋಲೇಂಗೆ," ಎಂದು ನನ್ನ ಏಕೈಕ ಆಸ್ತಿಯಾದ ಬಾಯಿಗೆ ಬೀಗ ಹಾಕಿ ಕೇಳಿದರು:

"ಗೌರಿ, ಏಟ್ ಪ್ಲಸ್ ಫೋರ್?"

ಗೌರಿ ನಾನು ಕಲಿಸಿದಂತೆ ಕೈ ಕಟ್ಟಿ ಕೂತಿದ್ದಳು. ಶಿಸ್ತಿನ ಮೂರ್ತಿ. ಫ್ಯಾನು ತಿರುಗಿತು. ಟೀಚರ್ ಪೆನ್ನಿನ ಮುಚ್ಚಳ ತೆಗೆದರು. ಕೆಳಗಿನ ಅಂಗಳದಿಂದ ಪಿಂಕಿ ಮತ್ತಿತರರ ಗಲಾಟೆ ಕೇಳಿಸುತ್ತಿತ್ತು. ಗೌರಿಯ ಕಣ್ಣು ತುಂಬಿಕೊಂಡಿತು. ಆಗ ಕಂಡೆ: ಕಂಕುಳಲ್ಲಿ ಸಿಕ್ಕಿಕೊಂಡ ಅವಳ ಪುಟ್ಟ ಹೆಬ್ಬೆರಳು ಕಿರುಬೆರಳನ್ನು ಹುಡುಕುತ್ತ ಒದ್ದಾಡುತ್ತಿತ್ತು.

ಅಯ್ಯೋ, ಕೈಯನ್ನಲ್ಲ, ಇವಳ ಗಣಿತವನ್ನೇ ಕಟ್ಟಿಹಾಕಿದ್ದೇನೆ!

ಮಾತಾಡುವಂತಿಲ್ಲ. ಟೀಚರಿನ ಬೆನ್ನಿಗೆ ಕೂತಿದ್ದ ನಾನು ಅಜ್ಜಿಯಾದೆ. ಭುಜ ಇಳಿಸಿದೆ, ಕಣ್ಣು ಅರೆಮುಚ್ಚಿದೆ, ತುಟಿ ಅಲುಗಿಸಿದೆ, ಲೆಕ್ಕವಿಲ್ಲದೆ ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಓಡಿಸಿದೆ. ಗೌರಿ ನೋಡಿದಳು. ತಡೆದರೂ ನಿಲ್ಲದ ನಗೆ ಬಂತು. ಬಾಯಿ ಮುಚ್ಚಿಕೊಳ್ಳಲು ಕೈ ಬಿಚ್ಚಲೇಬೇಕಾಯಿತು. ಬಿಚ್ಚಿದ ಕೈ ತನ್ನ ಕೆಲಸ ಶುರುಮಾಡಿತು. ನಡುಬೆರಳಿನ ನಡುಗೆಣ್ಣಿಗೆ ಎಂಟು. ಅಲ್ಲಿ ಒಂದು ಕ್ಷಣ ನಿಂತು, ಮತ್ತೆ ನಾಲ್ಕು ಹತ್ತಿ, ಹೆಬ್ಬೆರಳು ತೋರುಬೆರಳ ತುದಿಗೆ ತಾಗಿತು. ಥೇಟ್ ಚಿನ್ಮುದ್ರೆ.

"ಟ್ವೆಲ್ವ್."

"ಅರೇ! ಕೈಸೇ ಕಿಯಾ?"

"ಅಜ್ಜಿ ಐಸೇ ಕರ್ತೀ ಹೈ," ಎಂದು ಗೌರಿ ಮೊದಲಿನಿಂದ ತೋರಿಸಿದಳು. ಟೀಚರ್ ತಮ್ಮ ಕೈಯ ಗೆಣ್ಣುಗಳನ್ನೂ ಏರಿ ನೋಡಿದರು, ಪೆನ್ನು ಮುಚ್ಚಿದರು. "ಜೂನ್ ಮೇಂ ಫಸ್ಟ್ ಸ್ಟ್ಯಾಂಡರ್ಡ್, ಓಕೆ?" ಆಮೇಲೆ ಹಿಂತಿರುಗಿ, ಇನ್ನೂ ಕಣ್ಣು ಅರೆಮುಚ್ಚಿಕೊಂಡಿದ್ದ ನನ್ನನ್ನು ಕಂಡು, "ಆಪ್ ಠೀಕ್ ಹೈಂ ನಾ?" ಎಂದರು.

ಗೇಟಿನ ಹೊರಗೆ ಗೌರಿ ಕೇಳಿದಳು, "ಮಾಮಾ, ಟೀಚರ್ ನಿನ್ನ ಥರಾನೇ ಮಾತಾಡ್ತಾರಲ್ಲ, ನಿನ್ನ ನಕಲ್ ಮಾಡ್ತಾರಾ?"

ಹೌದೆಂದೆ. ಕಲಿಸುವವರಿಗೆಲ್ಲ ಯಾರದೋ ಗಂಟಲು ಬೇಕಾಗುತ್ತದೆ, ಪಾಪ. ರಸ್ತೆ ದಾಟಲು ಅವಳ ಒಂದು ಕೈ ಹಿಡಿದುಕೊಂಡೆ. ಇನ್ನೊಂದು ಬಿಡುವಾಗಿರಲೆಂದು ಅವಳ ಚೀಲ, ನೀರಿನ ಬಾಟಲಿ ಎರಡನ್ನೂ ನಾನೇ ಹೊತ್ತೆ.