ಹನ್ನೆರಡು ಇಂಚಿನ ದಾಳಿ

ಮೇಜಿನ ಮೇಲೆ ಇನ್ನೂರು ವರ್ಷಗಳ ಹಿಂದಿನ ಯುದ್ಧವೊಂದು ಆಟವಾಗಿ ಮತ್ತೆ ನಡೆಯುತ್ತಿತ್ತು. ಪ್ರತಿ ಸಲವೂ ಭಾವನಿಗೆ ಸೋಲುತ್ತಿದ್ದ ದರ್ಜಿಗೆ ಇಂದು ಗೆಲುವು ಕೈಗೆಟುಕುವಂತಿತ್ತು. ಅವನ ತವರದ ಕುದುರೆಗಳು ಒಂದು ಸರದಿಗೆ ಹನ್ನೆರಡು ಇಂಚು ಓಡಬಹುದು. ಅಷ್ಟರಲ್ಲಿ ಅವು ಭಾವನ ಫಿರಂಗಿಯನ್ನು ಮುಟ್ಟಿದರೆ ಗೆದ್ದಂತೆ. ದರ್ಜಿ ತನ್ನ ಹಳೆಯ ಅಳತೆ ಟೇಪನ್ನು ಹಾಸಿದ. ಸರಿಯಾಗಿ ಹನ್ನೆರಡು!

“ಮುಗೀತಪ್ಪಾ ನನ್ನ ಕಥೆ,” ಎಂದರು ಭಾವ.

ದರ್ಜಿ ಕುದುರೆಗಳತ್ತ ಚಾಚಿದ ಕೈಯನ್ನು ಹಿಂದೆಗೆದ. ಆ ಟೇಪು ಜಗ್ಗಿ ಅರ್ಧ ಇಂಚು ಉದ್ದವಾಗಿರುವುದು ಅವನೊಬ್ಬನಿಗೇ ಗೊತ್ತು.

“ತಡೀರಿ ಭಾವ, ಇದು ಜಗ್ಗಿದೆ. ಮರದ ಸ್ಕೇಲು ತರ್ತೀನಿ.”

“ಬಾಯಿ ಮುಚ್ಕೊಂಡಿದ್ರೆ ಗೆಲ್ತಿದ್ದೆಯಲ್ಲೋ, ಪೆದ್ದ!”

“ಗಿರಾಕಿ ಅಂಗಿಗೇ ಇದನ್ನ ಹಿಡಿಯಲ್ಲ, ನಿಮ್ಮ ಮೇಲೆ ಹಿಡೀಲಾ?”

ಸ್ಕೇಲಿಟ್ಟಾಗ ಕುದುರೆಗಳು ಅರ್ಧ ಇಂಚು ಈಚೆಗೇ ನಿಂತವು. ಭಾವ ಫಿರಂಗಿ ಹಾರಿಸಲು ದಾಳ ಎಸೆದರು. ಆರು ಬಿತ್ತು; ಗುಂಡು ಗುರಿ ಮುಟ್ಟಿತು. ತಾನೇ ಬಣ್ಣ ಬಳಿದಿದ್ದ ಕುದುರೆಗಳನ್ನು ದರ್ಜಿ ಒಂದೊಂದಾಗಿ ಎತ್ತಿಟ್ಟ.