ಮಂಚದ ಕೆಳಗಿನ ಹಗೇವು

ಹುಮನಾಬಾದಿಗೆ ಕನ್ನಡ ಮಾಸ್ತರನಾಗಿ ಬಂದ ದಿನವೇ, ನನ್ನ ಮಂಚದ ಕೆಳಗೆ ಆಳೆತ್ತರ ಮೀರಿದ ಗುಂಡಿಯೊಂದಿದೆ ಎಂದು ತಿಳಿಯಿತು. ಮನೆಯೊಡತಿ ಶರಣಮ್ಮ ಮಂಚ ಸರಿಸಿ, ನೆಲದಲ್ಲಿದ್ದ ದುಂಡು ಕಲ್ಲನ್ನು ಕಾಲಿನಿಂದ ತಟ್ಟಿ ತೋರಿಸಿದರು.

"ಹಗೇವು ಅದರಿ ಮಾಸ್ತರ್ರೀ. ಜ್ವಾಳ ತುಂಬಿ ಇಡ್ತಿದ್ವಿ, ಈಗ ಖಾಲಿ ಅದ. ಒಮ್ಮಿಗೇ ಇಳೀಬ್ಯಾಡ್ರಿ ಮತ್ತ. ಮೊದಲ ಕಂದೀಲ ಬಿಟ್ಟು ನೋಡ್ರಿ. ದೀಪ ಆರಿತಂದ್ರ ಒಳಗ ಕೆಟ್ಟ ಹವಾ ಅದ ಅಂತ ತಿಳೀರಿ."

ಇಳಿಯುವ ಉಮೇದು ನನಗೇನೂ ಇರಲಿಲ್ಲ. ನಮ್ಮ ಕಾರವಾರದಲ್ಲಿ ಒಂದಿಷ್ಟು ತೋಡಿದರೆ ನೀರು ಬರುತ್ತದೆ. ಇಲ್ಲಿ ಜನ ಕಾಳನ್ನು ನೆಲದೊಳಗೆ ಇಡುತ್ತಾರೆ. ನನ್ನ ಕನ್ನಡ ಕೇಳಿ ಮಕ್ಕಳು ನಗುತ್ತಿದ್ದವು, ಅವರ ಕನ್ನಡದಲ್ಲಿದ್ದ ಉರ್ದು ಕೇಳಿ ನಾನು ರೇಗುತ್ತಿದ್ದೆ. ಬರಬರುತ್ತ ಖಡಕ್ ರೊಟ್ಟಿ ಮುರಿಯುವುದನ್ನು ಕಲಿತೆ. ‘ಫಿಕರ್’ ಎಂದರೆ ಚಿಂತೆ ಎಂಬುದನ್ನೂ ಕಲಿತೆ. ಆ ಮಾತು ೧೯೬೧ರ ಚಳಿಗಾಲದಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು.

ತಂಗಿ ಸುಮತಿಯನ್ನು ಗಡಿಯಾಚೆ, ಗೋವೆಯ ಕಾಣಕೋಣಕ್ಕೆ ಕೊಟ್ಟಿದ್ದೆವು. ಅವಳ ಗಂಡ ಪೋರ್ಚುಗೀಸರ ಸುಂಕದ ನಾಕೆಯಲ್ಲಿ ಜವಾನ. ಗಡಿ ಮುಚ್ಚಿ ವರ್ಷಗಳಾಗಿದ್ದವು. ಅವಳ ಮುಖ ನೋಡಿರಲಿಲ್ಲ. ಈಗ ನಮ್ಮ ಸೈನ್ಯ ಅಲ್ಲಿ ಜಮಾಯಿಸುತ್ತಿದೆ ಎಂದು ಪತ್ರಿಕೆ ಬರೆಯಿತು.

ಶಾಲೆಯಲ್ಲಿ ಚಹಾದ ಹೊತ್ತಿಗೆ ಭೂಗೋಳದ ಮಾಸ್ತರರು ದಿನಾ ಭೂಪಟ ಬಿಡಿಸುತ್ತಿದ್ದರು. ಮಹಾಯುದ್ಧ ಮುಗಿದ ಮೇಲೆ ಪೋರ್ಚುಗಲ್ಲು ಅಮೆರಿಕ, ಇಂಗ್ಲೆಂಡುಗಳ ಕೂಟಕ್ಕೆ ಸೇರಿದೆಯಲ್ಲ, ಆ ದೋಸ್ತರು ಹಡಗು ಕಳಿಸಿದರೆ? "ಕಾರವಾರ ಬಂದರ ಮೊದಲ ಹೋಗ್ತದ ನೋಡ್ರಿ," ಎಂದು ನನ್ನೂರಿನ ಮೇಲೆ ಬೆರಳಿಡುತ್ತಿದ್ದರು. ಗಂಟೆ ಹೊಡೆಯುವುದರೊಳಗೆ ಮೂರನೆಯ ಮಹಾಯುದ್ಧವನ್ನು ಅವರು ಮುಗಿಸಿಬಿಡುತ್ತಿದ್ದರು. ನನಗೆ ಮುಗಿಯುತ್ತಿರಲಿಲ್ಲ. ಪಾಠ ಮಾಡುವಾಗಲೂ ಆ ಯುದ್ಧ ತಲೆಯೊಳಗೆ ನಡೆಯುತ್ತಿತ್ತು: ಕಾಳಿ ನದಿಯ ಬಾಯಲ್ಲಿ ಪರದೇಶದ ಹಡಗು, ಗೋವೆ ಇನ್ನೂ ನೂರು ವರ್ಷ ಅವರದೇ, ನಾನು ಈಚೆ, ಸುಮತಿ ಆಚೆ. ಆ ಭೂಪಟವನ್ನು ಹರಿದು ಎಸೆಯಬೇಕೆನಿಸುತ್ತಿತ್ತು.

ಶರಣಮ್ಮನ ಮುಂದೆ ಹೇಳಿಕೊಂಡೆ. ಅವರು ತೊಗರಿಕಾಯಿ ಸುಲಿಯುತ್ತಿದ್ದರು.

"ಹದಿಮೂರು ವರ್ಷದ ಹಿಂದ ಭಾರತದ ಫೌಜು ಬಂದಾಗ ನಮ್ಮ ಹೈದರಾಬಾದ್ ಸರ್ಕಾರಕ್ಕೂ ದೊಡ್ಡ ದೊಡ್ಡ ದೋಸ್ತರು ಬರ್ತಾರ ಅಂತಿದ್ರು. ಯಾರ ಬಂದ್ರು? ಲಡಾಯಿ ನಾಕೈದು ದಿನದಾಗ ಮುಗೀತು. ಲಡಾಯಿಗಿ ಅಂಜಬ್ಯಾಡ್ರಿ, ಆಮ್ಯಾಲಿನ ವಾರಕ್ಕ ಅಂಜ್ರಿ. ಬಾಜೂ ಮನ್ಯಾಗ ಖಾಸೀಂ ಚಾಚಾ ಇದ್ರು, ಕರೋಡಗಿರಿ ನಾಕಾದಾಗ ಜವಾನ. ಸರ್ಕಾರ ಹೋತು, ಮಂದಿ ಸಿಟ್ಟು ಅವರ ಮ್ಯಾಲ ಬಂತು. ಹೆಂಡ್ತಿ ಮಕ್ಕಳ ಸಂಗಟ ಇದೇ ಹಗೇವಿನಾಗ ಇಟ್ಟಿದ್ವಿ. ಕಲ್ಲು ಅರ್ಧ ಸರಿಸಿ, ಮ್ಯಾಲ ಮಂಚ ಹಾಕಿ, ಜಡ್ಡಾಗ್ಯಾದ ಅಂತ ನೆಪ ಮಾಡಿ ನಮ್ಮತ್ತಿ ಮಲಗಿದ್ರು."

ಕರೋಡಗಿರಿ ಎಂದರೆ ಆ ಕಾಲದ ಸುಂಕದ ಇಲಾಖೆ. ಸುಮತಿಯ ಗಂಡನದೂ ಅದೇ ನೌಕರಿ.

"ನಿಮ್ಮ ತಂಗಿ ಊರಾಗ ಹಗೇವು ಅದಾವೇನ್ರಿ?"

"ಇಲ್ಲ ಅಮ್ಮಾ. ನೀರು ಬರ್ತದೆ."

"ಹಂಗಾದ್ರ ಬಾಜೂ ಮನಿಯವರು ಹ್ಯಾಂಗ ಅದಾರ?"

ಗೊತ್ತಿಲ್ಲ ಎಂದೆ. ತಂಗಿಯ ನೆರೆಯವರು ಯಾರೆಂದು ನಾನು ಎಂದೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಡಿಸೆಂಬರಿನಲ್ಲಿ ಸೈನ್ಯ ಒಳಹೊಕ್ಕಿತು. ಬಸವಕಲ್ಯಾಣದಿಂದ ಬಂದ ಶರಣಮ್ಮನ ತಮ್ಮ ರೇಡಿಯೊ ಸುದ್ದಿ ತಂದ: ಎರಡೇ ದಿನದಲ್ಲಿ ಮುಗಿಯಿತು, ದೋಸ್ತರ ಹಡಗು ಒಂದೂ ಬರಲಿಲ್ಲ, ಗೋವೆ ನಮ್ಮದಾಯಿತು. ಭೂಗೋಳದ ಮಾಸ್ತರರೇ ನನ್ನ ಬಾಯಿಗೆ ಪೇಢೆ ತುರುಕಿದರು. ಆದರೆ ಶರಣಮ್ಮ ಹೇಳಿದ ಆ ವಾರ ಆಗಷ್ಟೇ ಶುರುವಾಗಿತ್ತು.

ರಜೆ ಸಿಕ್ಕ ಕೂಡಲೇ ಹೊರಟೆ. ಶರಣಮ್ಮ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, "ಬೇಕಾದ್ರ ಇಬ್ರನ್ನೂ ಕರ್ಕೊಂಡು ಬರ್ರಿ. ಹಗೇವು ಖಾಲೀನೇ ಅದ," ಎಂದರು. ನಗಿಸಲು ಹೇಳಿದ್ದಲ್ಲ ಅದು.

ಸುಮತಿಯ ಮನೆಯ ಬಾಗಿಲು ತೆರೆದಿತ್ತು. ಅವಳ ಗಂಡ ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತ ಕೂತಿದ್ದ. ಯಾರೂ ಏನೂ ಮಾಡಲಿಲ್ಲವಂತೆ. ಬಾವುಟ ಕಟ್ಟಲು ಪಕ್ಕದ ಮನೆಯವರು ಬಿದಿರಿನ ಗಳ ಕೇಳಿದರಂತೆ, ಇವನೇ ಕೊಟ್ಟನಂತೆ. ನಾನು ಅಂಗಳದಲ್ಲೇ ಕೂತು ಅತ್ತುಬಿಟ್ಟೆ.

"ಇನ್ನು ಗಡಿಯೇ ಇಲ್ಲ ಅಣ್ಣಾ. ಕಾರವಾರಕ್ಕೆ ವರ್ಗ ಕೇಳಿಕೋ," ಎಂದಳು ಸುಮತಿ ನಮ್ಮ ಕೊಂಕಣಿಯಲ್ಲಿ. ಹೂಂ ಎಂದೆ, ಅಲ್ಲಿಯೇ ಅರ್ಜಿಯನ್ನೂ ಬರೆದೆ.

ಮೀನೂಟವಾದ ಮೇಲೆ ಚಾಪೆ ಹಾಸಿದಳು. ಮಲಗುವ ಮುನ್ನ ನನ್ನ ಕೈ ತಾನಾಗಿ ನೆಲವನ್ನು ತಟ್ಟಿ ನೋಡಿತು. ಎಲ್ಲ ಕಡೆ ಗಟ್ಟಿ ನೆಲ.

"ಏನು ಹುಡುಕುತ್ತೀ?" ಎಂದಳು. ಚಾಪೆಯ ಅಂಚು ಸರಿಪಡಿಸಿ ಮಲಗಿದೆ. ಹುಟ್ಟಿದಾಗಿನಿಂದ ಕೇಳಿದ ಕಡಲ ಸದ್ದಿನ ನಡುವೆಯೂ ನನಗೆ ಜೋಂಪು ಹತ್ತಲಿಲ್ಲ.

ಕಳಿಸದ ಆ ಅರ್ಜಿ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಹಗೇವಿನ ಕಲ್ಲಿನ ಮೇಲಿದೆ.